ಕೂಲಿಯ ಕ್ಯಾಮೆರಾ, ಜೇಬಿನ ಕ್ಯಾಮೆರಾ

ಮದುವೆ ಮನೆಯಲ್ಲಿ ನಾನು ಕ್ಯಾಮೆರಾದ ಗುಂಡಿಯನ್ನು ಒಂದು ಸಲ ಒತ್ತಿದರೆ 60 ಪೈಸೆ ಖರ್ಚಾಗುತ್ತದೆ. ಲೆನ್ಸ್ ಬಿಟ್ಟು ಬರೀ ಕ್ಯಾಮೆರಾಕ್ಕೆ ಕೊಟ್ಟದ್ದು 1,20,000 ರೂಪಾಯಿ. ಅದರ ಶಟರ್ ಸುಮಾರು 2 ಲಕ್ಷ ಸಲ ತೆರೆದು ಮುಚ್ಚುವಷ್ಟು ಬಾಳುತ್ತದೆ ಎನ್ನುತ್ತಾರೆ ತಯಾರಕರು. ಭಾಗಿಸಿ ನೋಡಿ. ಎರಡು ದಿನದ ಮದುವೆಯಲ್ಲಿ 3,000 ಕ್ಲಿಕ್ ಆದರೆ, ಬೀಗರ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ನನ್ನ ಕ್ಯಾಮೆರಾದಲ್ಲಿ 1,800 ರೂಪಾಯಿ ಸವೆದಿರುತ್ತದೆ. ಅದೇ ಚಪ್ಪರದಲ್ಲಿ ವರನ ಗೆಳೆಯರು ಫೋನು ಎತ್ತಿಹಿಡಿದು ಅಷ್ಟೇ ಫೋಟೊ ಹೊಡೆದಿರುತ್ತಾರೆ. ಅವರಿಗೆ ಪೈಸೆ ಖರ್ಚಿಲ್ಲ. ಫೋನಿನಲ್ಲಿ ಸವೆಯುವ ಶಟರೇ ಇಲ್ಲ.

ಹಾಗಾಗಿ ಹಿರಿಯೂರಿನ ಮಗ್ಗುಲಲ್ಲಿರುವ ನಮ್ಮ ಬಬ್ಬೂರಿನಂಥ ಊರಲ್ಲಿ ಆರ್ಡರ್ ಮಾತಾಡುವಾಗ ಬರುವ ಮೊದಲ ಮಾತು ಒಂದೇ. ‘ಏನಣ್ಣ, ನಮ್ಮ ಹುಡುಗನ ಫೋನಲ್ಲೇ ಇಷ್ಟು ಚೆನ್ನಾಗಿ ಬರುತ್ತೆ, ನೀನು ನೋಡಿದರೆ 45 ಸಾವಿರ ಅಂತೀಯಲ್ಲ?’ ನನಗೆ ಸಿಟ್ಟು ಬರುವುದಿಲ್ಲ. ಹುಡುಗನ ಫೋನಲ್ಲಿ ನಿಜಕ್ಕೂ ಚೆನ್ನಾಗಿಯೇ ಬರುತ್ತದೆ. ನಾನು ಕೇಳುವ ದುಡ್ಡು ಚೆನ್ನಾಗಿ ಬರುವುದಕ್ಕಲ್ಲ, ಬಾರದೆ ಹೋಗಬಾರದು ಎನ್ನುವುದಕ್ಕೆ. ಕರೆಂಟು ಹೋಗಿ ಚಪ್ಪರದಲ್ಲಿ ಎರಡೇ ಬಲ್ಬು ಉಳಿದರೂ ತಾಳಿ ಕಟ್ಟುವ ಕ್ಷಣ ಸಿಗಬೇಕು. ಒಂದು ಕಾರ್ಡು ಕೆಟ್ಟರೂ ಇನ್ನೊಂದರಲ್ಲಿ ಉಳಿದಿರಬೇಕು. ಹೆಣ್ಣಿನ ಕಡೆಯ ದೊಡ್ಡಪ್ಪ ವೇದಿಕೆ ಹತ್ತಿದ್ದಕ್ಕೆ ಸಾಕ್ಷಿ ಇರಬೇಕು. ಕೊನೆಯದನ್ನು ನಗುವಿಗೆ ಹೇಳಿದ್ದಲ್ಲ. ಒಬ್ಬ ದೊಡ್ಡಪ್ಪನ ಫೋಟೊ ಬಿಟ್ಟುಹೋಗಿ ಎರಡು ಮನೆಗಳ ಮಾತು ನಿಂತದ್ದನ್ನು ಕಂಡಿದ್ದೇನೆ.

ಆ 45 ಸಾವಿರ ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿ ಬಿಚ್ಚಿಡುತ್ತೇನೆ. ಈ ಕಸುಬಿಗೆ ಬರುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆಲ್ಬಮ್ಮಿಗೆಂದು ಲ್ಯಾಬಿನವರಿಗೆ 9,000. ವಿಡಿಯೊ ತೆಗೆಯುವವನಿಗೆ 8,000, ಅದರ ಎಡಿಟಿಂಗಿಗೆ 4,000. ಎರಡನೆಯ ಫೋಟೊಗ್ರಾಫರ್‌ಗೆ 6,000. ಓಡಾಟ, ಊಟ, ಚಾರ್ಜರು, ಸೆಲ್ಲು ಎಂದು 1,500. ಹಾರ್ಡ್ ಡಿಸ್ಕಿನ ಪಾಲು 700. ಮೇಲೆ ಹೇಳಿದ ಸವೆತ 1,800. ಒಟ್ಟು 31,000. ಉಳಿದದ್ದು 14,000. ಅದು ಎರಡು ದಿನದ ಸಂಪಾದನೆಯಂತೆ ಕಾಣುತ್ತದೆ, ಅಲ್ಲ. ಆರಿಸುವುದು, ಬಣ್ಣ ತಿದ್ದುವುದು, ಆಲ್ಬಮ್ ಜೋಡಿಸುವುದು, ‘ಅತ್ತೆ ಮುಖ ಸ್ವಲ್ಪ ಬೆಳ್ಳಗೆ ಮಾಡಣ್ಣ’ ಎಂಬ ಫೋನುಗಳಿಗೆ ಉತ್ತರಿಸುವುದು ಸೇರಿ ಇನ್ನೂ ನಾಲ್ಕು ದಿನ ಹೋಗುತ್ತದೆ. ದಿನಕ್ಕೆ 2,300 ಬಿತ್ತು.

ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಉಳಿದ ತಿಂಗಳುಗಳಲ್ಲೂ ಒಳ್ಳೆಯ ಮುಹೂರ್ತದ ದಿನ ನಾಲ್ಕು ಮನೆಯವರು ಕರೆಯುತ್ತಾರೆ, ಹೋಗಲು ಆಗುವುದು ಒಂದಕ್ಕೆ. ವರ್ಷಕ್ಕೆ ಇಪ್ಪತ್ತೈದು ಮದುವೆ ಸಿಕ್ಕರೆ ಮೂರೂವರೆ ಲಕ್ಷ. ಅಂಗಡಿ ಬಾಡಿಗೆ ತಿಂಗಳಿಗೆ 5,000 ಕಳೆದರೆ 2,90,000. ತಿಂಗಳಿಗೆ 24 ಸಾವಿರ. ವಹಿವಾಟು ಹನ್ನೊಂದು ಲಕ್ಷ ದಾಟಿದ್ದರೂ ಮನೆಗೆ ಬರುವುದು ಇಷ್ಟೇ. (ಸೇವೆಗೆ 20 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂಬುದೊಂದು ಸಮಾಧಾನ. ಬೇಕಾದ ದಿನ ಗಿರಾಕಿಗೆ ಶೇ 18 ಹೆಚ್ಚು ಹೇಳಬೇಕು. ಅವತ್ತು ಚೌಕಾಸಿ ಹೇಗಿರುತ್ತದೋ!)

ಇಂಥ 24 ಸಾವಿರದ ಬದುಕನ್ನು ಮುಳುಗಿಸುವುದು ಗಿರಾಕಿಯ ಫೋನಲ್ಲ, ಫೋಟೊಗ್ರಾಫರನ ಆಸೆ. ಈ ಕಸುಬಿಗೆ ಬಂದವರೆಲ್ಲ ಪ್ರೀತಿಯಿಂದ ಬಂದವರು. ಹಕ್ಕಿ ತೆಗೆಯಬೇಕು, ಹೂವಿನ ಮೇಲಿನ ಇಬ್ಬನಿ ತೆಗೆಯಬೇಕು, ಚಿತ್ರದುರ್ಗದ ಕೋಟೆಯ ಮೇಲೆ ಮೋಡ ಬಂದಾಗ ಓಡಬೇಕು. ಅದಕ್ಕೊಂದು ಲೆನ್ಸ್ ಬೇಕು. ಸಾಲ ಕೊಡುವವನ ಮುಂದೆ ಕುಳಿತಾಗ ಅದು ‘ಮದುವೆಗೆ ಬೇಕೇಬೇಕಾದ ಲೆನ್ಸ್’ ಆಗುತ್ತದೆ. ಎರಡು ಲಕ್ಷದ ಲೆನ್ಸನ್ನು ಶೇ 14ರ ಬಡ್ಡಿಯಲ್ಲಿ ಮೂರು ವರ್ಷದ ಕಂತಿಗೆ ತಂದರೆ ಮೊದಲ ವರ್ಷದ ಬಡ್ಡಿಯೇ 20 ಸಾವಿರ ದಾಟುತ್ತದೆ. ಅದೇ ಲೆನ್ಸ್ ದಿನಕ್ಕೆ 1,500 ರೂಪಾಯಿ ಬಾಡಿಗೆಗೆ ಸಿಗುತ್ತದೆ. ವರ್ಷದಲ್ಲಿ ಅದು ನಿಜವಾಗಿ ಬೇಕಾಗುವುದು ಹತ್ತು ದಿನ. 15 ಸಾವಿರಕ್ಕೆ ಮುಗಿಯಿತು, ಬೂಷ್ಟು ಹಿಡಿಯುವ ಚಿಂತೆಯೂ ಇಲ್ಲ.

ಫೋನು ನನಗೆ ದುಡ್ಡು ಉಳಿಸಿಕೊಟ್ಟದ್ದು ಇಲ್ಲಿ. ಆಸೆಯ ಫೋಟೊಗಳನ್ನೆಲ್ಲ ಅದಕ್ಕೆ ಒಪ್ಪಿಸಿದ ಮೇಲೆ ಕ್ಯಾಮೆರಾ ಬರೀ ಕಸುಬಿನ ಸಾಮಾನಾಯಿತು, ಗಾರೆಯವನ ಕರಣೆಯ ಹಾಗೆ. ಅದರ ಮೇಲೆ ಹಾಕುವ ಪ್ರತಿ ರೂಪಾಯಿಗೂ ‘ಎಷ್ಟು ಮದುವೆಯಲ್ಲಿ ವಾಪಸು?’ ಎಂಬ ಒಂದೇ ಪ್ರಶ್ನೆ ಕೇಳಬಹುದು. ಆಸೆ ನಡುವೆ ಬಂದು ಲೆಕ್ಕ ಕೆಡಿಸುವುದಿಲ್ಲ.

ಹಾಗೆಂದು ಫೋನಿನಲ್ಲಿ ತೆಗೆದದ್ದು ಕಡಿಮೆ ದರ್ಜೆಯದಲ್ಲ. ಈ ಸೀಮೆ ಫೋನಿಗೇ ಹೇಳಿ ಮಾಡಿಸಿದ್ದು. ಬೆಳಕು ಧಾರಾಳ, ಬಯಲು ಧಾರಾಳ. ಬಬ್ಬೂರು ಫಾರಂನ ಪ್ರಯೋಗದ ತಾಕುಗಳ ಅಂಚಿನಲ್ಲಿ ನೆಟ್ಟ ಪುಟ್ಟ ಫಲಕಗಳು, ಟಾರು ರಸ್ತೆಯ ಅರ್ಧಕ್ಕೆ ಹರಡಿದ ಕಡಲೆಕಾಯಿ, ಅದನ್ನು ಕಾಲಿನಲ್ಲಿ ಗೆರೆ ಎಳೆದಂತೆ ತಿರುವಿಹಾಕುವ ಹೆಂಗಸು, ಈರುಳ್ಳಿ ಚೀಲ ಹೊಲಿಯುವ ದಬ್ಬಳ, ನೀರಿಲ್ಲದ ವೇದಾವತಿಯ ಮರಳಲ್ಲಿ ಸಾಲಾಗಿ ಹೋಗುವ ಕುರಿಹಿಂಡು, ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಯ ನೆರಳು ಜಾಲಿಮರ ಹಾಯುವುದು. ದೊಡ್ಡ ಕ್ಯಾಮೆರಾ ಕಂಡರೆ ಜನ ಸೀರೆ ಸರಿಮಾಡಿಕೊಂಡು ನೇರ ನಿಲ್ಲುತ್ತಾರೆ, ಇಲ್ಲವೇ ‘ಯಾವ ಟಿವಿ?’ ಎನ್ನುತ್ತಾರೆ. ಫೋನು ಕಂಡರೆ ತಮ್ಮ ಕೆಲಸ ತಾವು ಮಾಡಿಕೊಂಡಿರುತ್ತಾರೆ. ಈ ಫೋಟೊಗಳಿಗೆ ಬಿಲ್ಲಿಲ್ಲ, ಗಡುವಿಲ್ಲ, ಬೆಳ್ಳಗಾಗಬೇಕಾದ ಅತ್ತೆಯೂ ಇಲ್ಲ.

ಇವು ಬರೀ ಖುಷಿಗೆ ಎಂದು ನಾನೂ ಅಂದುಕೊಂಡಿದ್ದೆ. ಕಾನೂನು ಓದಿದ ಮೇಲೆ ಲೆಕ್ಕ ತಿರುಗಿತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮು ಹೇಳುವುದು ಇಷ್ಟು: ಒಬ್ಬರ ಕೋರಿಕೆಯ ಮೇಲೆ, ಹಣ ಪಡೆದು ತೆಗೆದ ಫೋಟೊದ ಮೊದಲ ಹಕ್ಕುದಾರ ಹಣ ಕೊಟ್ಟವನು. ಬೇರೆ ಕರಾರು ಇಲ್ಲದಿದ್ದರೆ ನಾನಲ್ಲ. ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಉಳಿಯುತ್ತದೆ, ಮಾರುವ ಹಕ್ಕು ಇಲ್ಲ. ಆದರೆ ಯಾರೂ ಕೇಳದೆ, ಯಾರಿಂದಲೂ ಕಾಸು ಪಡೆಯದೆ ನನ್ನ ಪಾಡಿಗೆ ತೆಗೆದ ಫೋಟೊ ಪೂರ್ತಿ ನನ್ನದು. 2012ರ ತಿದ್ದುಪಡಿಯ ನಂತರ ನನ್ನ ಆಯುಸ್ಸು ಮತ್ತು ಅದರ ಮೇಲೆ 60 ವರ್ಷ. ಅಂದರೆ ಲಕ್ಷಾಂತರ ರೂಪಾಯಿಯ ಕ್ಯಾಮೆರಾದಲ್ಲಿ ನಾನು ಮಾಡುವುದು ಕೂಲಿ. 18 ಸಾವಿರದ ಫೋನಿನಲ್ಲಿ ಸೇರುತ್ತಿರುವುದು ಆಸ್ತಿ.

2022ರ ಸೆಪ್ಟೆಂಬರಿನಲ್ಲಿ ಇದು ಕಣ್ಣೆದುರೇ ನಡೆಯಿತು. ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಸಲ ತುಂಬಿ ಕೋಡಿ ಹರಿಯಿತು. 89 ವರ್ಷ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ ಈ 30 ಟಿಎಂಸಿ ಜಲಾಶಯ ತುಂಬುವುದನ್ನು ನೋಡದೆಯೇ ಎರಡು ತಲೆಮಾರು ಮುದುಕರಾಗಿದ್ದವು. ಜಿಲ್ಲೆಗೆ ಜಿಲ್ಲೆಯೇ ಅಲ್ಲಿಗೆ ಬಂತು, ಎಲ್ಲರ ಕೈಯಲ್ಲೂ ಫೋನು. ಎಲ್ಲರೂ ನೀರನ್ನು ತೆಗೆದರು, ನೀರಿನ ಮುಂದೆ ತಮ್ಮನ್ನು ತೆಗೆದುಕೊಂಡರು. ನಾನು ನೀರಿಗೆ ಬೆನ್ನು ಹಾಕಿ ನೋಡುವವರನ್ನು ತೆಗೆದೆ. ಚಪ್ಪಲಿ ಕೈಯಲ್ಲಿ ಹಿಡಿದು ಕೈಮುಗಿದ ಮುದುಕರು, ಮೊರದಲ್ಲಿ ಬಾಗಿನ ತಂದವರು, ಮಗುವನ್ನು ಹೆಗಲಿಗೇರಿಸಿ ‘ನೋಡ್ಕ, ನೋಡ್ಕ’ ಎನ್ನುವ ಅಪ್ಪಂದಿರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಹೆದ್ದಾರಿ ಬದಿಯ ಒಂದು ಹೋಟೆಲಿನವರು ಗೋಡೆಗೆ ಹಾಕಲು ಹಳೆಯ ಆ ಫೋಟೊಗಳನ್ನೇ ಕೇಳಿದರು. ನೀರಿನ ಫೋಟೊ ಅವರ ಫೋನಿನಲ್ಲೇ ಬೇಕಾದಷ್ಟಿತ್ತು.

ಇಲ್ಲಿ ಎರಡು ತಾಂತ್ರಿಕ ಮಾತು, ಇವೂ ದುಡ್ಡಿನವೇ. ನನ್ನ ಫೋನಿನ 12 ಮೆಗಾಪಿಕ್ಸೆಲ್ ಫೈಲು 4,000ಕ್ಕೆ 3,000 ಪಿಕ್ಸೆಲ್. ಕೈಯಲ್ಲಿ ಹಿಡಿದು ನೋಡುವ ಗುಣಮಟ್ಟದಲ್ಲಿ, ಇಂಚಿಗೆ 300ರಂತೆ, 13 ಇಂಚು ಅಗಲಕ್ಕೆ ಬರುತ್ತದೆ. ಗೋಡೆಯದನ್ನು ದೂರದಿಂದ ನೋಡುವುದರಿಂದ 150 ಸಾಕು, 26 ಇಂಚಿಗೂ ಧೈರ್ಯವಾಗಿ ಹಾಕಬಹುದು. ಅದೇ ಫೋಟೊವನ್ನು ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದ್ದರೆ ಅದು ಸುಮಾರು 1,600 ಪಿಕ್ಸೆಲ್ಲಿಗೆ ಇಳಿದಿರುತ್ತದೆ, ಐದು ಇಂಚು ದಾಟಿದರೆ ಮಂಜು. ಇಳಿದ ಪ್ರತಿಯನ್ನು ಊರಿಗೆಲ್ಲ ಹಂಚಿ, ಅಸಲು ಫೈಲನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಹಂಚಿದ್ದು ಜಾಹೀರಾತು, ಇಟ್ಟುಕೊಂಡದ್ದು ಸರಕು. ಎಷ್ಟೋ ಹುಡುಗರು ಜಾಗ ಸಾಲದೆಂದು ಅಸಲನ್ನೇ ಅಳಿಸಿ ಸ್ಟೇಟಸ್ಸಿನದನ್ನು ಉಳಿಸಿಕೊಂಡಿರುತ್ತಾರೆ.

ಹೋಟೆಲಿನವರಿಗೆ ನಾನು ಫೋಟೊ ಮಾರಲಿಲ್ಲ. ಪ್ರಿಂಟು, ಚೌಕಟ್ಟಿನ ಖರ್ಚು ಬಿಟ್ಟು ಫೋಟೊವೊಂದಕ್ಕೆ 2,500, ಆ ಗೋಡೆಗೆ ಮಾತ್ರ, ಕ್ಯಾಲೆಂಡರು, ಮೆನು ಕಾರ್ಡಿಗೆ ಬೇಕಾದರೆ ಬೇರೆ ಮಾತು ಎಂದು ಬಿಲ್ಲಿನ ಮೇಲೆ ಕನ್ನಡದಲ್ಲೇ ಬರೆದುಕೊಟ್ಟೆ. ಅಷ್ಟೇ ಕರಾರು, ಛಾಪಾಕಾಗದ ಬೇಕಿಲ್ಲ. ಗುರುತು ಸಿಗುವ ಮುಖವಿದ್ದ ಕಡೆ ಆ ಜನರನ್ನು ಹುಡುಕಿ ಕೇಳಿದೆ. ಸಿಗದವರ ಫೋಟೊ ಕೊಡಲಿಲ್ಲ. ಫೋಟೊ ನನ್ನದಾದರೂ ಮುಖ ಅವರದು. ಅವರು ನಿಂತದ್ದು ದೇವರಂಥ ನೀರಿನ ಮುಂದೆ, ತಿಂಡಿ ಅಂಗಡಿಯ ಜಾಹೀರಾತಿಗಲ್ಲ.

ಆರ್ಡರುಗಳಲ್ಲೂ ಈಗ ಎರಡು ಬಗೆ ಮಾಡಿಕೊಂಡಿದ್ದೇನೆ. ಮದುವೆ, ಸೀಮಂತ, ಗೃಹಪ್ರವೇಶದ ಫೋಟೊಗಳ ಹಕ್ಕು ಮನೆಯವರಿಗೇ ಇರಲಿ. ಇನ್ನೊಬ್ಬರ ಮನೆಯ ಮದುವಣಗಿತ್ತಿಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಅಂಗಡಿಯ ಮುಂದೆ ಹಾಕಲು ಒಂದೆರಡು ಬೇಕಾದರೆ ಕೇಳಿ ಹಾಕುತ್ತೇನೆ, ಬೇಡವೆಂದರೆ ಇಲ್ಲ. ಆದರೆ ಬಡಾವಣೆಯವರು, ಪಂಪ್‌ಸೆಟ್ಟಿನವರು, ಖಾಸಗಿ ಶಾಲೆಯವರು ಬಂದರೆ ಹಕ್ಕು ನನ್ನದು, ಬಳಕೆ ನಿಮ್ಮದು, ಇಷ್ಟು ವರ್ಷಕ್ಕೆ, ಇಂಥ ಕಡೆ ಎಂದು ಮೊದಲೇ ಬರೆಯುತ್ತೇನೆ. ಪ್ರವೇಶದ ಕರಪತ್ರಕ್ಕೆಂದು ತೆಗೆದ ಮಕ್ಕಳ ಫೋಟೊ ಮರುವರ್ಷ ಬಸ್ಸಿನ ಹಿಂಭಾಗದಲ್ಲಿ ಆಳೆತ್ತರಕ್ಕೆ ಕಂಡರೆ ಅದಕ್ಕೆ ಇನ್ನೊಂದು ಬಿಲ್ಲು. ಇಂಥವರು ಟಿಡಿಎಸ್ ಎಂದು ತೆರಿಗೆ ಹಿಡಿದು ಕೊಡುತ್ತಾರೆ. ಹಿಡಿದದ್ದು ಹೋಯಿತೆಂದು ಬಿಡಬೇಡಿ, ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿ ರಿಟರ್ನ್ಸ್ ಹಾಕಿದರೆ ನಮ್ಮಂಥವರಿಗೆ ಬಹುಪಾಲು ವಾಪಸು ಬರುತ್ತದೆ.

ಕೂಲಿಯನ್ನು ನಾನು ಹೀನವಾಗಿ ಕಾಣುತ್ತಿಲ್ಲ. ಮೈಸೂರಿನ ಹೆಸರಾಂತ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಪತ್ರಿಕೆಗಳಿಗೆ, ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಕೆಲಸ ಮಾಡಿದವರು. ಜನರ ಮನಸ್ಸಿನಲ್ಲಿ ಉಳಿದಿರುವುದು ಅವರು ಕಂಡ ಬೀದಿ, ಮಕ್ಕಳು, ಸಾಮಾನ್ಯರ ದಿನಗಳು. ಯಾವುದು ಆರ್ಡರಿನದು, ಯಾವುದು ಆಸೆಯದು ಎಂದು ನೋಡುವವರಿಗೆ ತಿಳಿಯದು. ತಿಳಿಯಬೇಕಾದದ್ದು ಫೋಟೊಗ್ರಾಫರನ ಲೆಕ್ಕದ ಪುಸ್ತಕಕ್ಕೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕಕ್ಕೆ ಬಡಿದಾಗ ‘ಟೈಮ್’ ವಾರಪತ್ರಿಕೆ ಬೆಂಜಮಿನ್ ಲೋವಿ ಐಫೋನಿನಲ್ಲಿ ತೆಗೆದ ಅಲೆಯ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಫೋನಾದರೂ ಅದು ಪತ್ರಿಕೆ ವಹಿಸಿದ ಕೆಲಸ. ಮರುವರ್ಷ ‘ಷಿಕಾಗೊ ಸನ್-ಟೈಮ್ಸ್’ ತನ್ನ 28 ಫೋಟೊಗ್ರಾಫರರನ್ನೂ ಒಟ್ಟಿಗೆ ಕೆಲಸದಿಂದ ತೆಗೆದು, ವರದಿಗಾರರಿಗೆ ಫೋನಿನಲ್ಲಿ ಫೋಟೊ ಹೊಡೆಯಲು ಕಲಿಸಿತು. ನಮ್ಮ ಗಿರಾಕಿಯ ‘ಹುಡುಗನ ಫೋನು’ ಅಲ್ಲಿಯೂ ಬಂದಿತ್ತು. ಆ ವರದಿಗಾರರಿಗೆ ದೊಡ್ಡಪ್ಪಂದಿರ ಕಾಟ ಇರಲಿಲ್ಲ ಎಂದು ಕಾಣುತ್ತದೆ.

ಈಗ ಮಗ ಹಿಂದೆ ಬಿದ್ದಿದ್ದಾನೆ. ‘ಅಪ್ಪಾ, ಒಂದು ಲಕ್ಷದ ಫೋನು ತಗೊಳ್ಳಿ, ಮೂರು ಲೆನ್ಸ್ ಇರುತ್ತೆ, ಬಿಸಿನೆಸ್ ಖರ್ಚು ಅಂತ ತೋರಿಸಬಹುದು.’ ಆಡಿಟರನ್ನು ಕೇಳಿದೆ. ಮನೆಮಂದಿಯ ಜೊತೆ ಮಾತಾಡುವ, ರೀಲ್ಸ್ ನೋಡುವ ಫೋನಿನಲ್ಲಿ ಕಸುಬಿಗೆ ಬಳಸುವ ಪಾಲನ್ನು ಮಾತ್ರ ಖರ್ಚಾಗಿ ತೋರಿಸಬೇಕು, ಪೂರ್ತಿಯಲ್ಲ ಎಂದರು. ಪಾಲು ಹಾಕಿದರೂ ಲಕ್ಷ ಲಕ್ಷವೇ. ಹೋಟೆಲಿನ ಗೋಡೆಯಂಥ ನಲವತ್ತು ಫೋಟೊ ಹೋದರೆ ಮಾತ್ರ ಅದು ಹುಟ್ಟುತ್ತದೆ, ಹಿರಿಯೂರಿನಲ್ಲಿ ಅಷ್ಟು ಗೋಡೆ ಎಲ್ಲಿದೆ? ಲೆನ್ಸಿನ ಆಸೆ ವೇಷ ಬದಲಿಸಿಕೊಂಡು ಫೋನಿನ ಅಂಗಡಿಯ ಬಾಗಿಲಿಗೆ ಬಂದಿದೆ ಅಷ್ಟೇ. ಸಂತೆಗೆ ಹೋದಾಗ ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ, 1,800 ರೂಪಾಯಿ. ಮಗ ಎರಡು ದಿನ ಮಾತು ಬಿಟ್ಟ.