ಬೀಟ್‌ರೂಟಿನ ಕೋಶಪೊರೆ ಒಡೆಯುವ ಮುಂಚೆ

ಬೀಟ್‌ರೂಟ್ ಹೆಚ್ಚಿ, ತೊಳೆದು, ತಣ್ಣೀರಿಗೆ ಹಾಕಿ ಇಟ್ಟರೆ ನೀರು ತಿಳಿಗುಲಾಬಿ ಬಣ್ಣಕ್ಕೆ ಬಂದು ಅಲ್ಲೇ ನಿಲ್ಲುತ್ತೆ. ಅದೇ ತುಂಡನ್ನ ಕುದಿಯೋ ನೀರಿಗೆ ಹಾಕಿದ್ರೆ ಐದೇ ನಿಮಿಷಕ್ಕೆ ಗಾಢ ಕೆಂಪು. ಪಲ್ಯ ಮಾಡೋ ಪ್ರತಿಯೊಬ್ಬರಿಗೂ ಇದು ಗೊತ್ತು. ಸಸ್ಯಕೋಶದ ಪೊರೆ ಅಂದ್ರೆ ಏನು ಅಂತ ತೋರಿಸೋಕೆ ಇದಕ್ಕಿಂತ ಸುಲಭದ, ಕಡಿಮೆ ಖರ್ಚಿನ ಪ್ರಯೋಗ ನಮಗಂತೂ ಸಿಕ್ಕಿಲ್ಲ.

ಈ ಸಂಕ್ರಾಂತಿ ರಜೆಗೆ ನಾವು ಐದು ಜನ ಗೆಳೆಯನ ಊರು ಕೊಡ್ಲಿಪೇಟೆಗೆ ಹೋಗೋದು ಅಂತ ತೀರ್ಮಾನ ಆಗಿತ್ತು. ಕೊಡಗಿನ ಉತ್ತರದ ತುದಿ, ಆಚೆ ಹಾಸನ ಜಿಲ್ಲೆ. ಅಕ್ಕಪಕ್ಕದ ಮನೆಗಳ ಹೈಸ್ಕೂಲ್ ಮಕ್ಕಳಿಗೆ ಒಂದು ಮಧ್ಯಾಹ್ನ ಈ ಪ್ರಯೋಗ ಮಾಡಿ ತೋರಿಸೋಣ ಅಂತ ಪ್ಲಾನ್. ಬೀಟ್‌ರೂಟ್ ಸಂತೆಯಲ್ಲಿ ಸಿಗುತ್ತೆ, ಅದರ ಚಿಂತೆ ಇರಲಿಲ್ಲ. ತಲೆ ಕೆಡಿಸಿದ್ದು ಉಳಿದ ಬಾಟಲಿಗಳು. ಪುಸ್ತಕದ ಪ್ರಕಾರ ಎಥನಾಲ್ ಬೇಕು, ಅಸಿಟೋನ್ ಬೇಕು, ಡಿಟರ್ಜೆಂಟ್ ಬೇಕು, ಬಿಸಿನೀರಿಗೆ ಒಲೆ ಬೇಕು. ನಮ್ಮ ಲ್ಯಾಬಲ್ಲಿ ಫ್ಯೂಮ್ ಹುಡ್ ಇದೆ, ಕಣ್ಣು ತೊಳೆಯೋ ನಲ್ಲಿ ಇದೆ, ಗೋಡೆ ಮೇಲೆ ಬೆಂಕಿ ಆರಿಸೋ ಸಿಲಿಂಡರ್ ಇದೆ. ಅಲ್ಲಿ ಇರೋದು ಕಾಫಿ ಒಣಗಿಸೋ ಕಣ, ಜಗಲಿ, ಒಂದು ನಲ್ಲಿ, ಮತ್ತೆ ಸುಮ್ಮನೆ ಕೂರದ ಇಪ್ಪತ್ತು ಮಕ್ಕಳು. ಹಾಗಾಗಿ ಹೊರಡೋ ಮುಂಚಿನ ವಾರ ಪೂರ್ತಿ ಓದಿದ್ದು ಕೋಶದ ಬಗ್ಗೆ ಅಲ್ಲ, ಈ ಬಾಟಲಿಗಳ ಬಗ್ಗೆ. ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ಎರಡೂ ಒಂದೇ ಪಾಠ.

ಮೊದಲು ಕೋಶದ ವಿಷಯ. ಬೀಟ್‌ರೂಟಿನ ಕೆಂಪಿಗೆ ಬೀಟಾಲೇನ್ ಅನ್ನೋ ಗುಂಪಿನ ಬಣ್ಣಗಳು ಕಾರಣ. ಅವು ನೀರಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಿದ್ರೆ ತಣ್ಣೀರಲ್ಲಿ ಯಾಕೆ ಎಲ್ಲಾ ಹೊರಗೆ ಬರಲ್ಲ? ಯಾಕಂದ್ರೆ ಬಣ್ಣ ಇರೋದು ಕೋಶದೊಳಗಿನ ರಸದಾನಿಯಲ್ಲಿ. ಅದರ ಸುತ್ತ ಒಂದು ಪೊರೆ, ಕೋಶದ ಸುತ್ತ ಇನ್ನೊಂದು ಪೊರೆ. ಎರಡನ್ನೂ ದಾಟಬೇಕು. ಹೊರಗಿನ ಕೋಶಭಿತ್ತಿ ಗಟ್ಟಿಯಾಗಿ ಕಂಡರೂ ಬಣ್ಣವನ್ನ ಅದು ತಡೆಯಲ್ಲ, ಜರಡಿ ಇದ್ದ ಹಾಗೆ. ತಡೆಯೋದು ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಗಳು. ಎರಡು ಸಾಲು ಕೊಬ್ಬಿನ ಅಣುಗಳು, ನಡುನಡುವೆ ಪ್ರೋಟೀನ್. ಇದನ್ನ ಕೆಡಿಸೋಕೆ ಮೂರು ದಾರಿ. ಬಿಸಿ ಮಾಡಿದ್ರೆ ಪೊರೆ ಸಡಿಲ ಆಗುತ್ತೆ, ಪ್ರೋಟೀನ್ ಆಕಾರ ಕಳ್ಕೊಳ್ಳುತ್ತೆ. ಎಥನಾಲ್, ಅಸಿಟೋನ್ ಥರದ ದ್ರಾವಕಗಳು ಕೊಬ್ಬನ್ನ ಕರಗಿಸುತ್ತವೆ. ಡಿಟರ್ಜೆಂಟ್ ಅಣುಗಳು ಕೊಬ್ಬಿನ ಸಾಲಿನ ಮಧ್ಯೆ ನುಗ್ಗಿ ಅದನ್ನ ಚೂರು ಮಾಡ್ತವೆ, ಎಣ್ಣೆ ಪಾತ್ರೆ ತೊಳೆಯುವಾಗ ಮಾಡೋ ಕೆಲಸವನ್ನೇ.

ಈಗ ನಮ್ಮ ಕಡೆ ನೋಡೋಣ. ನಮ್ಮ ಕೋಶಗಳ ಪೊರೆಯೂ ಅದೇ ಎರಡು ಸಾಲು ಕೊಬ್ಬು. 1890ರ ದಶಕದಲ್ಲಿ ಅರ್ನೆಸ್ಟ್ ಓವರ್ಟನ್ ಅನ್ನೋ ವಿಜ್ಞಾನಿ ನೂರಾರು ವಸ್ತುಗಳನ್ನ ಸಸ್ಯಕೋಶಗಳ ಮೇಲೆ ಪರೀಕ್ಷಿಸಿ, ಎಣ್ಣೆಯಲ್ಲಿ ಕರಗೋ ವಸ್ತು ಬೇಗ ಕೋಶದೊಳಗೆ ಹೋಗುತ್ತೆ ಅಂತ ಕಂಡುಕೊಂಡ. ಪೊರೆ ಕೊಬ್ಬಿನಂಥದ್ದು ಅನ್ನೋ ಯೋಚನೆ ಗಟ್ಟಿಯಾಗಿದ್ದು ಅಲ್ಲಿಂದ. ಆಮೇಲೆ ಅದೇ ಮಾತನ್ನ ಅವನು ಗೊದಮೊಟ್ಟೆಗಳ ಮೇಲೂ ನೋಡಿದ. ಅವುಗಳಿಗೆ ಮಂಪರು ಬರಿಸೋದರಲ್ಲೂ ಎಣ್ಣೆಯಲ್ಲಿ ಕರಗೋ ವಸ್ತುಗಳೇ ಮುಂದೆ. ಗಿಡ, ಪ್ರಾಣಿ ಅಂತ ದ್ರಾವಕಕ್ಕೆ ಭೇದ ಇಲ್ಲ. ಬೀಟ್‌ರೂಟ್ ತುಂಡಿನಲ್ಲಿ ಏನು ನಡೆಯಲಿ ಅಂತ ಅಸಿಟೋನ್ ಹಾಕ್ತೀವೋ, ಕಣ್ಣಿಗೆ ಹಾರಿದ್ರೆ ಅಲ್ಲೂ ಅದು ಅದೇ ಕೆಲಸಕ್ಕೆ ಇಳಿಯುತ್ತೆ.

ನಮ್ಮ ಚರ್ಮಕ್ಕೆ ಒಂದು ಅನುಕೂಲ ಇದೆ. ಮೇಲಿನ ಪದರದಲ್ಲಿರೋದು ಸತ್ತ ಕೋಶಗಳು, ಮಧ್ಯೆ ಕೊಬ್ಬು. ನೈಲ್ ಪಾಲಿಶ್ ರಿಮೂವರ್ ತಾಗಿದ ಬೆರಳು ಬೆಳ್ಳಗೆ ಒಣಗಿದ ಹಾಗೆ ಆಗುತ್ತಲ್ಲ, ಆ ಕೊಬ್ಬು ಹೋಗಿದ್ದರ ಗುರುತು ಅದು. ಮತ್ತೆ ತುಂಬಿಕೊಳ್ಳುತ್ತೆ. ಕಣ್ಣಿನ ಕಾರ್ನಿಯಾಗೆ ಈ ಸತ್ತ ಪದರದ ಕವಚ ಇಲ್ಲ, ಜೀವಂತ ಕೋಶಗಳೇ ಮೇಲೆ. ಹಾಗಾಗಿ ನಮ್ಮ ಪಟ್ಟಿಯಲ್ಲಿ ಮೊದಲು ಬರೆದಿದ್ದು ಕನ್ನಡಕ. ಗ್ಲೌಸ್ ಆಮೇಲೆ. ಗ್ಲೌಸ್ ಬಗ್ಗೆ ಇನ್ನೊಂದು ಮಾತು. ಲ್ಯಾಬಲ್ಲಿ ಸಿಗೋ ತೆಳು ನೈಟ್ರೈಲ್ ಗ್ಲೌಸ್ ಮೂಲಕ ಅಸಿಟೋನ್ ಕೆಲವೇ ನಿಮಿಷದಲ್ಲಿ ಒಳಗೆ ಬರುತ್ತೆ. ಹಾಕ್ಕೊಂಡಿದೀವಿ ಅನ್ನೋ ಧೈರ್ಯದಲ್ಲಿ ಅಸಿಟೋನ್‌ನಲ್ಲಿ ಕೈ ಅದ್ದೋರು ನಮ್ಮಲ್ಲೂ ಇದ್ದಾರೆ, ನಿಮ್ಮ ಬ್ಯಾಚಲ್ಲೂ ಇರ್ತಾರೆ.

ಅಸಿಟೋನನ್ನ ಪಟ್ಟಿಯಿಂದ ಹೊಡೆದು ಹಾಕಿದ್ದಕ್ಕೆ ಇನ್ನೂ ದೊಡ್ಡ ಕಾರಣ ಇತ್ತು. ಪ್ರತಿ ರಾಸಾಯನಿಕಕ್ಕೂ ಸೇಫ್ಟಿ ಡೇಟಾ ಶೀಟ್ ಅಂತ ಇರುತ್ತೆ, 16 ಭಾಗಗಳು. ಪೂರ್ತಿ ಓದೋಕೆ ನಿದ್ದೆ ಬರುತ್ತೆ, ನಿಜ. ಆದ್ರೆ 2ನೇ ಭಾಗ ಅಪಾಯಗಳು, 4ನೇದು ಪ್ರಥಮ ಚಿಕಿತ್ಸೆ, 9ನೇದರಲ್ಲಿ ಫ್ಲ್ಯಾಶ್ ಪಾಯಿಂಟ್. ಇಷ್ಟು ಓದಿದ್ರೂ ಸಾಕಷ್ಟಾಯ್ತು. ಫ್ಲ್ಯಾಶ್ ಪಾಯಿಂಟ್ ಅಂದ್ರೆ ಕಿಡಿ ತಾಗಿದ್ರೆ ಹೊತ್ತಿಕೊಳ್ಳೋವಷ್ಟು ಆವಿ ದ್ರವದ ಮೇಲೆ ಸೇರೋ ಅತಿ ಕಡಿಮೆ ಉಷ್ಣತೆ. ಅಸಿಟೋನ್‌ಗೆ ಅದು ಸುಮಾರು ಮೈನಸ್ 20 ಡಿಗ್ರಿ. ಶುದ್ಧ ಎಥನಾಲ್‌ಗೆ ಸುಮಾರು 13, ನೀರು ಬೆರೆಸಿ ಶೇ 70 ಮಾಡಿದ್ರೂ ಸುಮಾರು 17. ಕೊಡಗಿನ ಜನವರಿಯ ಚಳಿ ಎಷ್ಟೇ ಇರಲಿ, ಮಧ್ಯಾಹ್ನದ ಬಿಸಿಲಿಗೆ ಇವೆರಡೂ ಆ ಗೆರೆ ದಾಟಿರುತ್ತವೆ.

ಒಂದು ಲೆಕ್ಕ ಹಾಕಿ ನೋಡಿದ್ವಿ, ನೀವೂ ಹಾಕಿ. ಎರಡು ಟೀ ಚಮಚ, ಅಂದ್ರೆ 10 ಮಿಲಿ ಎಥನಾಲ್ ಮೇಜಿನ ಮೇಲೆ ಚೆಲ್ಲಿತು ಅಂದ್ಕೊಳ್ಳಿ. ತೂಕ 7.9 ಗ್ರಾಂ. ಅಣುತೂಕ 46ರಿಂದ ಭಾಗಿಸಿದ್ರೆ 0.17 ಮೋಲ್. ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಆವಿಗೆ ಸುಮಾರು 24.5 ಲೀಟರ್ ಜಾಗ ಅಂದ್ರೆ ಒಟ್ಟು 4.2 ಲೀಟರ್ ಆವಿ. ಗಾಳಿಯಲ್ಲಿ ಶೇ 3.3ರಷ್ಟು ಎಥನಾಲ್ ಆವಿ ಇದ್ರೂ ಅದು ಹೊತ್ತಿಕೊಳ್ಳುತ್ತೆ. ಅಂದ್ರೆ ಆ ಎರಡು ಚಮಚ ಪೂರ್ತಿ ಆರಿದ್ರೆ ಸುಮಾರು 125 ಲೀಟರ್ ಗಾಳಿಯನ್ನ ಬೆಂಕಿಗೆ ತಯಾರು ಮಾಡಬಲ್ಲದು. ಮನೆ ಹಿಂದೆ ಇರೋ 200 ಲೀಟರ್ ನೀರಿನ ಡ್ರಮ್ಮಿನ ಅರ್ಧಕ್ಕಿಂತ ಹೆಚ್ಚು. ಈ ಆವಿ ಗಾಳಿಗಿಂತ ಭಾರ ಬೇರೆ, ಮೇಲೆ ಹೋಗಲ್ಲ, ಮೇಜಿನಿಂದ ಇಳಿದು ನೆಲದ ಮೇಲೆ ಹರಿದು ಒಲೆ ಎಲ್ಲಿದೆಯೋ ಅಲ್ಲಿಗೆ ಹೋಗುತ್ತೆ. ಹೊತ್ತಿಕೊಂಡ್ರೆ ಉರಿ ತಿಳಿನೀಲಿ, ಬಿಸಿಲಲ್ಲಿ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ.

ಈ ಪ್ರಯೋಗದ ನಿಜವಾದ ಬಲೆ ಇಲ್ಲಿದೆ. ಒಂದೇ ಪಾಠದಲ್ಲಿ ಒಲೆಯೂ ಬೇಕು, ಎಥನಾಲೂ ಬೇಕು. ಒಂದೇ ಮೇಜಿನ ಮೇಲೆ ಎರಡನ್ನೂ ಇಟ್ಟುಬಿಡೋದು ಸಹಜ. ಹತ್ತನೇ ಕ್ಲಾಸಿನ ಎಲೆ ಪ್ರಯೋಗ ನೆನಪಿದೆಯಾ, ಎಲೆಯನ್ನ ಆಲ್ಕೋಹಾಲಿನಲ್ಲಿ ಬಿಸಿ ಮಾಡಿ ಹಸಿರು ತೆಗೆದು ಅಯೋಡಿನ್ ಹಾಕೋದು? ಅಲ್ಲಿ ಪುಸ್ತಕ ವಾಟರ್ ಬಾತ್ ಅಂತ ಹೇಳಿರುತ್ತೆ, ನಾವು ಮಾರ್ಕ್ಸ್‌ಗೆ ಅಂತ ಬಾಯಿಪಾಠ ಮಾಡಿರ್ತೀವಿ. ಎಥನಾಲ್ ಕುದಿಯೋದು 78 ಡಿಗ್ರಿಗೆ. ಹಾಗಾಗಿ ಬಿಸಿನೀರಿನ ಪಾತ್ರೆ ಒಂದೇ ಅದನ್ನ ಕುದಿಸೋಕೆ ಸಾಕು, ಉರಿ ಬೇಕಾಗೇ ಇಲ್ಲ. ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಬಿಸಿನೀರನ್ನ ಬೇರೆ ಜಾಗಕ್ಕೆ ತಂದು ಅದರಲ್ಲಿ ಆಲ್ಕೋಹಾಲಿನ ಪ್ರನಾಳ ಇಡಬಹುದು. ಈ ಒಂದು ಸಾಲನ್ನ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು ಅಂತ ನಮ್ಮ ಅಭಿಪ್ರಾಯ. ಉರಿಯುತ್ತಿರೋ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ತುಂಬಿಸಬಾರದು ಅನ್ನೋದೂ ಇದೇ ಜಾತಿಯ ಮಾತು. ಬೆಂಕಿ ಧಾರೆ ಹಿಡಿದು ಮೇಲಕ್ಕೆ ಬಾಟಲಿಗೇ ಏರುತ್ತೆ.

ಇನ್ನು ಯಾವ ಸ್ಪಿರಿಟ್? ಕಾಲೇಜ್ ಲ್ಯಾಬಿನ ಬಾಟಲಿ ಹೊರಗೆ ಒಯ್ಯೋ ಹಾಗಿಲ್ಲ, ಬಸ್ಸಲ್ಲಿ ತಗೊಂಡು ಹೋಗೋದು ಇನ್ನೂ ಕೆಟ್ಟದ್ದು. ಪೇಂಟ್ ಅಂಗಡಿಯಲ್ಲಿ ಡಿನೇಚರ್ಡ್ ಸ್ಪಿರಿಟ್ ಸಿಗುತ್ತಲ್ಲ ಅಂತ ಒಬ್ಬ ಹೇಳಿದ. ಕುಡಿಯದೇ ಇರಲಿ ಅಂತಲೇ ಅದಕ್ಕೆ ವಿಷ ಬೆರೆಸಿರ್ತಾರೆ, ಸಾಮಾನ್ಯವಾಗಿ ಮಿಥನಾಲ್. ನೋಡೋಕೆ, ಮೂಸೋಕೆ ಎಥನಾಲ್ ಥರವೇ. ಆದ್ರೆ ದೇಹದೊಳಗೆ ಅದು ಫಾರ್ಮಿಕ್ ಆಮ್ಲ ಆಗುತ್ತೆ, ಕಣ್ಣಿನ ನರಕ್ಕೇ ಪೆಟ್ಟು. 1981ರಲ್ಲಿ ಬೆಂಗಳೂರಿನಲ್ಲಿ ಮಿಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ಮತ್ತೆ ಅದೇ ಕಥೆ. ಪ್ರಯೋಗದ ಸ್ಪಿರಿಟನ್ನ ಯಾರು ಕುಡೀತಾರೆ ಅಂತ ನೀವು ಕೇಳಬಹುದು. ನೀರಿನ ಖಾಲಿ ಬಾಟಲಿಗೆ ಹಾಕಿ ಜಗಲಿ ಮೇಲೆ ಇಟ್ಟರೆ, ಬಿಸಿಲಲ್ಲಿ ಆಡಿ ಬಂದ ಮಗು ಕುಡಿಯುತ್ತೆ. ಹಾಗಾಗಿ ಎರಡು ತೀರ್ಮಾನ. ಡಿನೇಚರ್ಡ್ ಸ್ಪಿರಿಟ್ ಬೇಡ. ಯಾವ ದ್ರವವನ್ನೂ ನೀರಿನ ಬಾಟಲಿಗೆ ಹಾಕಬಾರದು. ಕೊನೆಗೆ ಆರಿಸಿದ್ದು ಮೆಡಿಕಲ್ ಶಾಪಿನಲ್ಲಿ ಸಿಗೋ ಲಿಕ್ವಿಡ್ ಸ್ಯಾನಿಟೈಸರ್, ಲೇಬಲ್ ಮೇಲೆ ಈಥೈಲ್ ಆಲ್ಕೋಹಾಲ್ ಶೇ 70 ಅಂತ ಇರೋದು, ಚಿಕ್ಕ ಬಾಟಲಿ. ಜೆಲ್ ಬೇಡ. ಅದರ ಅಂಟಿನಲ್ಲಿ ಬಣ್ಣ ಹರಡೋದು ನೆಟ್ಟಗೆ ಕಾಣಲ್ಲ.

ಪಟ್ಟಿಗೆ ಇನ್ನೊಂದು ಸೇರಿಸೋಣ ಅಂತ ಆಸೆ ಇತ್ತು. ಕೊಡ್ಲಿಪೇಟೆ ಕಡೆ ತೋಟ ಇರೋ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತೆ. ತಾಮ್ರದ ಅಯಾನು ಹೆಚ್ಚಾದ್ರೆ ಸಸ್ಯದ ಕೋಶಪೊರೆ ಸೋರೋಕೆ ಶುರುವಾಗುತ್ತೆ, ಅಂದ್ರೆ ಬೀಟ್‌ರೂಟ್ ಮೇಲೂ ತೋರಿಸಬಹುದು. ಗೆಳೆಯನ ಅಪ್ಪನಿಗೆ ಫೋನ್ ಮಾಡಿ ಕೇಳಿದ್ವಿ. "ತುತ್ತ ಕೊಡ್ತೀನಿ ಮಕ್ಳೇ, ಆದ್ರೆ ಚಿಕ್ಕ ಮಕ್ಳ ಕೈಗೆ ಯಾಕೆ? ಮುಟ್ಟಿದ ಕೈಯಲ್ಲೇ ಕಣ್ಣುಜ್ಜಿಕೊಳ್ತಾವೆ" ಅಂದ್ರು. ಡೇಟಾ ಶೀಟ್ ತೆಗೆದು ನೋಡಿದ್ರೆ ಅಲ್ಲೂ ಅದೇ. ಕಣ್ಣಿಗೆ ಗಂಭೀರ ಹಾನಿ, ನುಂಗಿದ್ರೆ ಅಪಾಯ, ನೀರಿನ ಜೀವಿಗಳಿಗೆ ತೀರಾ ವಿಷ. 16 ಭಾಗಗಳ ಸಾರವನ್ನ ಅಂಕಲ್ ಎರಡು ವಾಕ್ಯದಲ್ಲಿ ಮುಗಿಸಿದ್ದರು. ಮೈಲುತುತ್ತವನ್ನ ಬೀಟ್‌ರೂಟಿಗೆ ಹಾಕೋದು ಬಿಟ್ವಿ.

ಆದ್ರೆ ಅವರು ಹೇಳಿದ ಬೋರ್ಡೋ ದ್ರಾವಣದ ವಿಷಯವನ್ನ ಪಾಠಕ್ಕೆ ಸೇರಿಸಿಕೊಂಡ್ವಿ, ಯಾಕಂದ್ರೆ ಪೊರೆಯ ಸುರಕ್ಷತೆಗೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಕಾಫಿಯ ಕೊಳೆರೋಗ, ಎಲೆ ತುಕ್ಕಿಗೆ ಮಳೆಗಾಲಕ್ಕೆ ಮುಂಚೆ ಹೊಡೆಯೋದು ಇದನ್ನೇ. ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ತಾ ಕಲಸಬೇಕು. ಕಬ್ಬಿಣದ ಪಾತ್ರೆ ಆಗಲ್ಲ, ತಾಮ್ರ ಅದರ ಮೇಲೇ ಕೂತುಬಿಡುತ್ತೆ. ಆಮೇಲೆ ಪರೀಕ್ಷೆ. ತಿಕ್ಕಿ ಹೊಳಪು ಮಾಡಿದ ಚಾಕುವನ್ನ ದ್ರಾವಣದಲ್ಲಿ ಅದ್ದಿ ಹಿಡಿಯೋದು. ಅಲಗಿನ ಮೇಲೆ ಕೆಂಪು ಕಂಡ್ರೆ ಬಿಡಿ ತಾಮ್ರ ಇನ್ನೂ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಹಾಗೇ ಹೊಡೆದ್ರೆ ಎಲೆ ಸುಡುತ್ತೆ. ಶಿಲೀಂಧ್ರವನ್ನ ಕೊಲ್ಲೋ ತಾಮ್ರವೇ ಎಲೆಯ ಕೋಶವನ್ನೂ ಕೆಡಿಸುತ್ತೆ. ಸುಣ್ಣ ಅದನ್ನ ಹಿಡಿದಿಟ್ಟು, ಸ್ವಲ್ಪ ಸ್ವಲ್ಪವಾಗಿ ಮಾತ್ರ ಬಿಡುತ್ತೆ. ನಾವು ಕೆಮಿಸ್ಟ್ರಿಯಲ್ಲಿ ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್ ಅಂತ ಒಂದು ಸಮೀಕರಣ ಬರೆದು ಮುಂದೆ ಹೋಗಿದ್ವಿ. ತೋಟದವರು ಅದೇ ಸಮೀಕರಣದಿಂದ ಪ್ರತಿ ವರ್ಷ ಬೆಳೆ ಉಳಿಸಿಕೊಳ್ತಿದ್ದಾರೆ.

ಕೊನೆಗೆ ಮಾಡಿದ್ದು ಹೀಗೆ. ಮೊದಲರ್ಧ ಬರೀ ಬಿಸಿ. ಒಂದೇ ಅಳತೆಯ ಬೀಟ್‌ರೂಟ್ ತುಂಡುಗಳನ್ನ ನೀರು ತಿಳಿಯಾಗೋ ತನಕ ತೊಳೆಯೋದು. ಇದು ಮುಖ್ಯ, ಯಾಕಂದ್ರೆ ಚಾಕು ಒಡೆದ ಕೋಶಗಳ ಬಣ್ಣ ಲೆಕ್ಕಕ್ಕೆ ಬರಬಾರದು. ಆಮೇಲೆ 30, 40, 50, 60, 70 ಡಿಗ್ರಿ ನೀರಿನ ಲೋಟಗಳಿಗೆ ಹಾಕಿ ಹತ್ತು ನಿಮಿಷ. 40ರ ತನಕ ದೊಡ್ಡ ವ್ಯತ್ಯಾಸ ಇಲ್ಲ, 60ಕ್ಕೆ ಹೋಗುವಾಗ ಬಣ್ಣ ಒಮ್ಮೆಲೇ ಏರಿತು. ಮಕ್ಕಳು ಇದನ್ನ ಕಣ್ಣಲ್ಲೇ ನೋಡಿ ಗ್ರಾಫ್ ಹಾಕಿದ್ರು. ಇಲ್ಲಿ ಅಪಾಯ ಅಂದ್ರೆ ಬಿಸಿನೀರು ಮಾತ್ರ, ಅದನ್ನ ಸುರಿಯೋ ಕೆಲಸ ನಮ್ಮದು. ಪಾತ್ರೆ ತೊಳೆಯೋ ಲಿಕ್ವಿಡ್ಡಿನ ಲೋಟ ಮಕ್ಕಳ ಕೈಗೇ ಕೊಟ್ವಿ.

ಒಲೆ ಆರಿಸಿ ಅಡುಗೆಮನೆ ಬಾಗಿಲು ಹಾಕಿದ ಮೇಲೆ ಸ್ಯಾನಿಟೈಸರ್ ಹೊರಗೆ ಬಂತು. ಗಾಳಿ ಆಡೋ ಕಣದ ಅಂಚಿಗೆ, ಒಣಗ್ತಿದ್ದ ಕಾಫಿಯಿಂದ ದೂರಕ್ಕೆ ಹೋದ್ವಿ. ಮುಚ್ಚಳ ಇರೋ ಚಿಕ್ಕ ಶೀಸೆಗಳಲ್ಲಿ 5 ಮಿಲಿ ಮಾತ್ರ, ಡ್ರಾಪರಿನಿಂದ ಹಾಕಿದ್ದು ಕನ್ನಡಕ ಹಾಕಿದ ಒಬ್ಬಳೇ. ಮಕ್ಕಳು ನೋಡಿದ್ದು ಮುಚ್ಚಳ ಹಾಕಿದ ಶೀಸೆಯನ್ನ. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಎರಡು ಬಕೆಟ್ ನೀರು, ಚೊಂಬು. ಕಣ್ಣಿಗೆ ಹಾರಿದ್ರೆ ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ಸಣ್ಣಗೆ ನೀರು ಬಿಡಬೇಕು, ಆಮೇಲೆ ಆಸ್ಪತ್ರೆ. 15 ನಿಮಿಷಕ್ಕೆ ಎರಡು ಬಕೆಟ್ ಸಾಲುತ್ತಾ ಅಂತ ಹಿಂದಿನ ದಿನ ಸುಮ್ಮನೆ ಚೊಂಬಿನಿಂದ ನೀರು ಬಿಟ್ಟು ನೋಡಿದ್ವಿ, ಸಾಲಲ್ಲ. ಅದಕ್ಕೇ ನಲ್ಲಿಗೆ ಪೈಪ್ ಹಾಕಿ ಕಣಕ್ಕೆ ಎಳೆದಿಟ್ಟಿದ್ದು. ಅದು ಬೇಕಾಗಲಿಲ್ಲ.

ಮುಗಿದ ಮೇಲೆ ಕ್ಲೀನಿಂಗ್. ಸಿಮೆಂಟ್ ನೆಲದ ಮೇಲೆ ಬೀಟ್‌ರೂಟ್ ಕಲೆ ಕಂಡ್ರೆ ಕೈ ಬ್ಲೀಚಿಂಗ್ ಪೌಡರಿಗೆ ಹೋಗುತ್ತೆ. ಬೇಡ. ಬ್ಲೀಚ್‌ಗೆ ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಸೇರಿದ್ರೆ ಕ್ಲೋರಿನ್ ಅನಿಲ, ಅಸಿಟೋನ್ ಸೇರಿದ್ರೆ ಕ್ಲೋರೋಫಾರ್ಮ್. ಸ್ಪಿರಿಟ್ ಚೆಲ್ಲಿದ ಜಾಗಕ್ಕೂ ಬ್ಲೀಚ್ ಬೇಡ. ಸೋಪು ನೀರು ಸಾಕು, ಉಳಿದ ಕಲೆ ಬಿಸಿಲಿಗೆ ತಾನಾಗೇ ಮಾಸುತ್ತೆ. ಬಣ್ಣದ ನೀರು, ಸೋಪು ನೀರು ಬಚ್ಚಲಿಗೆ ಹೋಯ್ತು. ಎಲ್ಲಾ ಸೇರಿ ಒಂದು ಲೋಟವೂ ಇಲ್ಲದ ಸ್ಪಿರಿಟನ್ನ ಬಕೆಟ್ ನೀರಿನಲ್ಲಿ ತೆಳು ಮಾಡಿ, ಬಾವಿಗೂ ಒಲೆಗೂ ದೂರ ಇರೋ ಮೋರಿಗೆ ಬಿಟ್ವಿ. ಪ್ರಯೋಗದ ತುಂಡುಗಳು ಗೊಬ್ಬರದ ಗುಂಡಿಗೆ. ಒಂದು ಹುಡುಗ ಬಿಸಿನೀರಿನ ತುಂಡನ್ನ ಬಾಯಿಗೆ ಹಾಕೋಕೆ ಹೊರಟಿದ್ದ, ಅವನಿಗೆ ಅಡುಗೆಮನೆಯಲ್ಲಿ ಬೇರೆ ಎತ್ತಿಟ್ಟಿದ್ದ ಬೀಟ್‌ರೂಟ್ ತೋರಿಸಿದ್ವಿ. ಅದು ರಾತ್ರಿ ಅಕ್ಕಿ ರೊಟ್ಟಿ ಜೊತೆ ಪಲ್ಯ ಆಯ್ತು.