ಕೊಟ್ಟಿಗೆಗೆ ಫ್ಯಾನ್ ಹಾಕಿಸುವ ಮುನ್ನ



ಬೇಸಿಗೆಯಲ್ಲಿ ಶೀಟಿನ ಮಾಡಿನಡಿ ನಿಂತ ಎಚ್.ಎಫ್. ಮಿಶ್ರತಳಿ ಹಸು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಬಿಸಿಗಾಳಿ ಮೇಲೇರಿ ಮಾಡಿನಡಿಯೇ ನಿಲ್ಲುವುದರಿಂದ ಎಕ್ಸಾಸ್ಟ್ ಫ್ಯಾನನ್ನು ಮಾಡಿನ ಹತ್ತಿರವೇ ಕೂರಿಸಬೇಕು. ಗಾಳಿ ಬರುವ ಕಡೆಯ ಗೋಡೆಗಲ್ಲ, ಅದರ ಎದುರು ಗೋಡೆಗೆ. ಗಾಳಿ ಬರುವ ಕಡೆ ಕೆಳಗೆ ಕಿಂಡಿ ಬಿಡಿ. ಕಿಂಡಿಯಿಲ್ಲದ ಫ್ಯಾನು ಬರೀ ಸದ್ದು.

ಮುಖ್ಯ ವಿಷಯ ವೈರಿಂಗ್. ಹಸು ತೊಟ್ಟಿಯ ನೀರು ಮುಟ್ಟುತ್ತಿಲ್ಲವೆಂದು ಒಮ್ಮೆ ನನ್ನನ್ನು ಕರೆದರು. ಜ್ವರವಿಲ್ಲ, ಬಾಯಿಹುಣ್ಣಿಲ್ಲ. ಫ್ಯಾನ್ ಆರಿಸಿದೊಡನೆ ಗಟಗಟನೆ ಕುಡಿಯಿತು! ಫ್ಯಾನಿನ ಅರ್ಥ್ ತಂತಿಯನ್ನು ನೀರಿನ ಪೈಪಿಗೆ ಸುತ್ತಿದ್ದರು. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿದ ರಾಸಿಗೆ, ಚಪ್ಪಲಿ ಹಾಕಿದ ನಮಗೆ ತಿಳಿಯದ ಕೆಲವೇ ವೋಲ್ಟ್ ಕೂಡ ತಾಗುತ್ತದೆ. ಸೋರಿಕೆ ಹೆಚ್ಚಾದರೆ ರಾಸೂ ಉಳಿಯದು, ಹಾಲು ಕರೆಯುವವರೂ ಉಳಿಯರು.

ಆದ್ದರಿಂದ ಅರ್ಥಿಂಗ್‌ಗೆ ಪ್ರತ್ಯೇಕ ಗುಂಡಿ ತೆಗೆಸಿ. ಮೂರೆಳೆಯ ತಾಮ್ರದ ವೈರನ್ನು ಪಿವಿಸಿ ಪೈಪಿನೊಳಗೆ, ಕೊಂಬಿಗೂ ನಾಲಗೆಗೂ ಎಟುಕದ ಎತ್ತರದಲ್ಲಿ ಎಳೆಸಿ. ಸ್ವಿಚ್ಚು ಕೊಟ್ಟಿಗೆಯ ಹೊರಗೆ, ಮಳೆ ತಾಗದ ಕಡೆ ಇರಲಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ತಪ್ಪದೇ ಹಾಕಿಸಿ. ಖರ್ಚಾಯಿತೆನ್ನುವವರು ಹಸುವಿನ ಬೆಲೆ ನೆನೆಯಲಿ. ಜೋಡಣೆಯನ್ನು ಪರವಾನಗಿಯುಳ್ಳ ವೈರ್‌ಮನ್ ಮಾಡಲಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಕರೆಂಟು ಕಡಿಯದಿದ್ದರೆ ಮೇನ್ ಆರಿಸಿ, ಅಂದೇ ವೈರ್‌ಮನ್‌ನನ್ನು ಕರೆಸಿ.