ಮೊದಲು ಕಿತ್ತೂರಿನ ಗೋಡೆ ನೋಡು

ತಂಗಿ, ಕಂಪನಿ ಕೆಲಸಕ್ಕೆಂದು ಪ್ಯಾರಿಸ್ಸಿಗೆ ಹೊರಟಿದ್ದೀಯಂತೆ, ಬಿಡುವು ಸಿಕ್ಕರೆ ಓರ್ಸೇ ಮ್ಯೂಸಿಯಂ ನೋಡುತ್ತೀಯಂತೆ. ನಿಮ್ಮವ್ವ ಹೇಳಿದಳು. ಬೈಲಹೊಂಗಲದ ಸಾಲಿಯಲ್ಲಿ ಡ್ರಾಯಿಂಗ್ ಕಲಿಸಿದ ಈ ಕಾಕಾನಿಗೆ ಸುಮ್ಮನಿರಲು ಆದೀತೇ?

ವಿಮಾನ ಹತ್ತುವ ಮೊದಲು ಒಂದು ದಿನ ಕಿತ್ತೂರಿಗೆ ಹೋಗಿ ಬಾ. ಅಲ್ಲಿಯ ಮ್ಯೂಸಿಯಂ ಆಮೇಲೆ ನೋಡಿದರಾಯಿತು. ಕೋಟೆಯೊಳಗೆ ಪಾಳುಬಿದ್ದ ಅರಮನೆಯ ಗೋಡೆಯೊಂದನ್ನು ಆರಿಸಿಕೊ. ಬೆಳಿಗ್ಗೆ ನೋಡು, ಹೊತ್ತು ನೆತ್ತಿಗೆ ಬಂದಾಗ ನೋಡು, ಇಳಿಹೊತ್ತಿನಲ್ಲಿ ಮತ್ತೆ ನೋಡು. ಗೋಡೆಯ ಬಣ್ಣ ಯಾವುದು? ಅದರ ನೆರಳಿನ ಬಣ್ಣ ಯಾವುದು? ನೆರಳು ಕಪ್ಪು ಎಂದೆಯೋ, ಮರುದಿನವೂ ಹೋಗು. ಅದರಲ್ಲಿ ನೀಲಿ ಕಂಡರೆ, ನೇರಳೆ ಕಂಡರೆ, ನಿನಗೆ ಗೈಡ್ ಬೇಕಿಲ್ಲ.

ಯಾಕೆಂದರೆ ಓರ್ಸೇಯಲ್ಲಿ ನೀನು ನೋಡಲಿರುವ ಇಂಪ್ರೆಷನಿಸ್ಟ್ ಪಂಥದ ಚಿತ್ರಕಾರರು ಮಾಡಿದ್ದೂ ಇದನ್ನೇ. 1892 ಮತ್ತು 1893ರಲ್ಲಿ ಕ್ಲೋದ್ ಮೋನೆ ರೂಆಂ ಊರಿನ ದೊಡ್ಡ ಚರ್ಚಿನ ಎದುರು ಜಾಗ ಹಿಡಿದು ಅದರ ಮುಂಭಾಗವೊಂದನ್ನೇ ಮೂವತ್ತಕ್ಕೂ ಹೆಚ್ಚು ಸಲ ಬರೆದ. ಹೊತ್ತು ಬದಲಾದಂತೆ ಕ್ಯಾನ್ವಾಸೂ ಬದಲು. ಅವುಗಳಲ್ಲಿ ಐದು ಓರ್ಸೇಯಲ್ಲಿವೆ. ಚರ್ಚು ಅವನಿಗೆ ನೆಪ, ಬೇಕಾದದ್ದು ಅದರ ಮೇಲೆ ಬಿದ್ದ ಬೆಳಕು. ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ಉಪಾಯ 1841ರಲ್ಲಿ ಬಂದಿತ್ತು. ಅದಿಲ್ಲದಿದ್ದರೆ ಇವರು ಬಣ್ಣ ಹೊತ್ತು ಹೊಲ, ಹೊಳೆದಂಡೆ ಸುತ್ತುವುದು ಕಷ್ಟವಿತ್ತು.

ಓರ್ಸೇಯ ಕಟ್ಟಡವೇ ಹಳೆಯ ರೈಲು ನಿಲ್ದಾಣ, 1900ರ ಜಾಗತಿಕ ಪ್ರದರ್ಶನಕ್ಕಾಗಿ ಕಟ್ಟಿದ್ದು. ರೈಲು ಉದ್ದವಾದವು, ಪ್ಲಾಟ್‌ಫಾರ್ಮ್ ಸಾಲದಾಯಿತು. 1986ರಲ್ಲಿ ಮ್ಯೂಸಿಯಂ ಆಯಿತು. ಮೋನೆ 1877ರಲ್ಲಿ ಬರೆದ ಸಾಂ ಲಜಾರ್ ನಿಲ್ದಾಣದ ಚಿತ್ರವೂ ಒಳಗಿದೆ, ತುಂಬ ಉಗಿ, ಹೊಗೆ. ತಮಾಷೆಯೆಂದರೆ ಓರ್ಸೇ ಮೊದಲಿನಿಂದಲೂ ವಿದ್ಯುತ್ ರೈಲಿನ ನಿಲ್ದಾಣ, ಅಲ್ಲಿ ಹೊಗೆ ಬಂದದ್ದು ಚಿತ್ರದ ಜೊತೆಗೇ! ಇನ್ನೂ ರೈಲು ಕಾಣದ ಬೈಲಹೊಂಗಲದವಳು ನೀನು, ಆ ಚಿತ್ರವನ್ನು ತಪ್ಪಿಸಬೇಡ.

ಬಾಗಿಲು ತೆರೆಯುತ್ತಲೇ ನೇರ ಐದನೆಯ ಮಹಡಿಗೆ ನಡೆ. ದೊಡ್ಡ ಗಡಿಯಾರದ ಹತ್ತಿರ ಸೆಲ್ಫಿಯವರ ಗದ್ದಲ, ನಿಲ್ಲಬೇಡ. ಎಲ್ಲವನ್ನೂ ನೋಡುತ್ತೇನೆಂಬ ಹಟವೂ ಬೇಡ; ನಾಲ್ಕು ಚಿತ್ರ ಸಾಕು. ಹತ್ತಿರ ಹೋದರೆ ಬರೀ ಬಣ್ಣದ ಗೀರು, ಮುದ್ದೆ. ಐದಾರು ಹೆಜ್ಜೆ ಹಿಂದೆ ಸರಿ, ನೀರು ಹೊಳೆಯುತ್ತದೆ. ಮತ್ತೆ ಹತ್ತಿರ ಹೋಗು. ಪಕ್ಕದ ಚೀಟಿ ಕೊನೆಗೆ ಓದು. ಈ ಪಂಥಕ್ಕೆ ಹೆಸರು ತಂದ ‘ಇಂಪ್ರೆಷನ್, ಸನ್‌ರೈಸ್’ ಅಲ್ಲಿ ಹುಡುಕಬೇಡ, ಅದಿರುವುದು ಮಾರ್ಮೊತ್ತಾಂ ಮ್ಯೂಸಿಯಂನಲ್ಲಿ. 1874ರ ಪ್ರದರ್ಶನದಲ್ಲಿ ಅದನ್ನು ಕಂಡು ಲೂಯಿ ಲೆರ್ವಾ ಎಂಬ ಪತ್ರಕರ್ತ ಗೇಲಿಗೆ ಆಡಿದ ಮಾತೇ ಹೆಸರಾಗಿ ಉಳಿಯಿತು.

ಓರ್ಸೇಯಲ್ಲಿ ಕೈಬಾತ್ ಎಂಬವನ ಚಿತ್ರವೊಂದಿದೆ, 1875ರದು. ಮೂವರು ಕೂಲಿಗಳು ಬರಿಮೈಯಲ್ಲಿ ಮಂಡಿಯೂರಿ ನೆಲದ ಹಲಗೆ ಹೆರೆಯುತ್ತಿದ್ದಾರೆ, ಕಿಟಕಿಯ ಬೆಳಕು ಬೆನ್ನ ಮೇಲೆ. ಇದು ಚಿತ್ರಕ್ಕೆ ತಕ್ಕ ವಿಷಯವಲ್ಲವೆಂದು ಸರಕಾರಿ ಪ್ರದರ್ಶನದವರು ಹೊರಗಿಟ್ಟರು. ಅನುಕೂಲಸ್ಥನಾದ ಇವನು ಗೆಳೆಯರ ಚಿತ್ರಗಳನ್ನು ಕೊಂಡು ಅವರ ಹೊಟ್ಟೆ ತುಂಬಿಸಿದ, 1894ರಲ್ಲಿ ಸಾಯುವಾಗ ಆ ಸಂಗ್ರಹವನ್ನೆಲ್ಲ ದೇಶಕ್ಕೆ ಬಿಟ್ಟ. ಸರಕಾರ ಎಳೆದಾಡಿ ಒಂದಿಷ್ಟನ್ನು ಮಾತ್ರ ತೆಗೆದುಕೊಂಡಿತು. ಇಂದು ಜನ ಟಿಕೆಟ್ ಕೊಟ್ಟು ನೋಡುವುದರಲ್ಲಿ ಅವೂ ಸೇರಿವೆ.

ಕೆಳಗಿಳಿದಾಗ ಮಿಲೆಯ 1857ರ ಚಿತ್ರ ನೋಡು. ಅವನು ಇವರಿಗಿಂತ ಹಿಂದಿನವನು, ಈ ಪಂಥದವನಲ್ಲ, ಆದರೂ ನೋಡು. ಮೂವರು ಹೆಂಗಸರು ಕೊಯ್ದ ಹೊಲದಲ್ಲಿ ಬಗ್ಗಿ ಹಕ್ಕಲು ಆಯುತ್ತಿದ್ದಾರೆ. ದೂರದಲ್ಲಿ ಬಣವೆ, ತುಂಬಿದ ಬಂಡಿ, ಕುದುರೆ ಮೇಲೆ ಕಾವಲಿನವನು. ನಮ್ಮ ಎರೆ ಹೊಲಗಳಲ್ಲಿ ಬಿಳಿಜೋಳದ ಸುಗ್ಗಿಯಾದ ಮೇಲೆ ಹಕ್ಕಲಿಗೆ ಬರುತ್ತಿದ್ದವರ ಬಗ್ಗೆ ನಿನ್ನ ಅಜ್ಜಿಗೆ ಕೇಳು, ಸೊಂಟ ಎಲ್ಲಿ ಹಿಡಿಯುತ್ತದೆಂದು ಹೇಳಿಯಾಳು. ಆ ಚಿತ್ರದ ಮುಂದೆ ನಿನ್ನಷ್ಟು ತಿಳಿದು ನಿಲ್ಲುವವರು ಅಲ್ಲಿ ಬಹಳ ಇರಲಾರರು.

ಕಾಲಲ್ಲಿ ಕಸುವು ಉಳಿದಿದ್ದರೆ ಹೊಳೆ ದಾಟಿ ಒರಾಂಜೆರಿ ಮ್ಯೂಸಿಯಂಗೂ ನಡೆ. ಅಂಡಾಕಾರದ ಎರಡು ಕೋಣೆಗಳ ಗೋಡೆ ತುಂಬ ಮೋನೆಯ ನೈದಿಲೆ ಕೊಳ. ಕಣ್ಣಿಗೆ ಪೊರೆ ಬಂದರೂ ಬಿಡದೆ ಬರೆದದ್ದು. ಬೆಂಚಿದೆ, ಕೂತು ನೋಡು.

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸು. ಓರ್ಸೇಗೆ ಸೋಮವಾರ ರಜೆ, ಒರಾಂಜೆರಿಗೆ ಮಂಗಳವಾರ. ಗುರುವಾರ ಓರ್ಸೇ ರಾತ್ರಿ ಒಂಬತ್ತೂಮುಕ್ಕಾಲರವರೆಗೆ ತೆರೆದಿರುತ್ತದೆ, ಆಫೀಸು ಮುಗಿಸಿಯೂ ಹೋಗಬಹುದು. ನಿಮ್ಮ ಸಾಹೇಬರಿಗೆ ಈಗಲೇ ಹೇಳಿಬಿಡು, ಗುರುವಾರ ಸಂಜೆ ಮೀಟಿಂಗ್ ಬೇಡ ಅಂತ.